ಹೂವಿನ ಚಿತ್ರ, ನೆಟ್ಟವರ ಋಣ

ಶಿವರಾತ್ರಿ ಸಮೀಪಿಸಿ ಚಳಿಯ ಬಿಗಿ ಸಡಿಲುವ ಹೊತ್ತಿಗೆ ಮೈಸೂರು ನಗರದಲ್ಲಿ ನಡೆಯುವವರ ನಡಿಗೆ ನಿಧಾನವಾಗುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಮಾನಸಗಂಗೋತ್ರಿಯ ಒಳದಾರಿಗಳಲ್ಲಿ, ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಜನ ಇದ್ದಕ್ಕಿದ್ದಂತೆ ನಿಂತು ತಲೆಯೆತ್ತಿ ನೋಡುತ್ತಾರೆ. ನಿನ್ನೆ ಮೊನ್ನೆಯವರೆಗೆ ಎಲೆಯುದುರಿ ಬರಿಗೊಂಬೆಯಾಗಿದ್ದ ಟಬೂಬಿಯಾ ಮರವೊಂದು ಮೈತುಂಬ ನಸುಗೆಂಪು ಹೂ ಹೊತ್ತು ನಿಂತಿರುತ್ತದೆ. ಜೇಬಿನಿಂದ ಮೊಬೈಲ್ ಹೊರಬರುತ್ತದೆ. ಒಂದೆರಡು ಚಿತ್ರ ತೆಗೆದು, ದೂರದ ಊರಿನಲ್ಲಿರುವ ಮಗಳಿಗೋ ಗೆಳೆಯನಿಗೋ ಕಳುಹಿಸಿ ಅವರು ಮುಂದೆ ಸಾಗುತ್ತಾರೆ. ಕಾಲೇಜಿಗೆ ಹೊರಟ ವಿದ್ಯಾರ್ಥಿಯೂ, ಹಾಲು ತರಲು ಬಂದ ಗೃಹಿಣಿಯೂ, ಬೀದಿ ಗುಡಿಸುವ ಪೌರಕಾರ್ಮಿಕರೂ ಆ ಕ್ಷಣದಲ್ಲಿ ಸಮಾನರು.

ಗುಡ್ಡ ಕುಸಿಯುತ್ತಿರುವ, ಬೇಸಿಗೆಗೆ ಮೊದಲೇ ಹಳ್ಳ ಬತ್ತುತ್ತಿರುವ ಕಾಲದಲ್ಲಿ ನಗರದವರ ಹೂವಿನ ಚಿತ್ರಗಳಿಗೆ ಪರಿಸರ ಚಳವಳಿಯ ಪತ್ರಿಕೆಯಲ್ಲಿ ಜಾಗ ಏಕೆ ಎಂದು ಮಲೆನಾಡಿನ ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಇಷ್ಟೆ: ಆ ಮರಗಳು ತಾವಾಗಿ ಅಲ್ಲಿ ಬೆಳೆದವಲ್ಲ, ಯಾರೋ ನೆಟ್ಟವು. ಹೂವಿನ ಚಿತ್ರ ತೆಗೆಯುವಾತ ತಾನು ಕಂಡರಿಯದ ಒಬ್ಬರ ದಯೆಯ ಫಲವನ್ನು ಅನುಭವಿಸುತ್ತಿರುತ್ತಾನೆ. ಆ ದಯೆಯನ್ನು ಹೆಸರು ಹಿಡಿದು ನೆನೆಯುವ ಊರಿನಲ್ಲಿ ಮರ ಉಳಿಯುತ್ತದೆ. ಮರೆತ ಊರಿನಲ್ಲಿ ಅದು ಸದ್ದಿಲ್ಲದೆ ಉರುಳುತ್ತದೆ. ಈ ಮಾತು ನಗರಕ್ಕೆ ಎಷ್ಟು ನಿಜವೋ ಬೆಟ್ಟದ ಊರುಗಳಿಗೂ ಅಷ್ಟೇ ನಿಜ.

ಹೂವುಗಳ ಪಂಚಾಂಗ

ಮೈಸೂರಿನ ಬೀದಿಗಳಲ್ಲಿ ತಿಂಗಳನ್ನು ಗುರುತಿಸಲು ಗೋಡೆಯ ಪಂಚಾಂಗ ಬೇಕಿಲ್ಲ. ಮಾಘದಲ್ಲಿ ಬೂರುಗವೂ ಮುತ್ತುಗವೂ ಕೆಂಪೇರುತ್ತವೆ. ಟಬೂಬಿಯಾದ ನಸುಗೆಂಪು ಮುಗಿಯುವ ಮೊದಲೇ ಜಕರಂದದ ನೇರಳೆ ಆರಂಭವಾಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಚಿಗುರಿ ಹೂಬಿಟ್ಟು, ಜೇನುಹುಳುಗಳ ಝೇಂಕಾರದಿಂದ ಮರಕ್ಕೆ ಮರವೇ ಗುಂಯ್‌ಗುಡುತ್ತದೆ. ಬಿಸಿಲು ಬಲಿತಂತೆ ಕಕ್ಕೆಯ ಹಳದಿ ಗೊಂಚಲುಗಳು ಇಳಿಬೀಳುತ್ತವೆ, ಹೊಳೆದಾಸವಾಳ ಅರಳುತ್ತದೆ, ಗುಲ್‌ಮೊಹರ್ ಬೆಂಕಿಯ ಬಣ್ಣ ತಳೆಯುತ್ತದೆ. ಮಳೆಗಾಲದಲ್ಲಿ ಪಾರಿಜಾತ ಬೆಳಗಿನ ಅಂಗಳಕ್ಕೆ ಉದುರಿದರೆ, ದಸರೆ ಕಳೆದ ರಾತ್ರಿಗಳಲ್ಲಿ ಆಕಾಶಮಲ್ಲಿಗೆಯ ನೀಳ ಬಿಳಿಹೂಗಳು ರಸ್ತೆಯ ಮೇಲೆ ಹಾಸಿಕೊಳ್ಳುತ್ತವೆ. ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಮೊಗ್ಗು ಕಟ್ಟಿರುತ್ತದೆ.

ಈ ಸರದಿಯಲ್ಲಿ ನಿಸರ್ಗದ ಪಾಲು ದೊಡ್ಡದು. ಮನುಷ್ಯರ ಯೋಜನೆಯ ಪಾಲೂ ಚಿಕ್ಕದಲ್ಲ. 19ನೇ ಶತಮಾನದ ಕೊನೆಯಲ್ಲಿ ಮೈಸೂರು ಪ್ಲೇಗಿನಿಂದ ತತ್ತರಿಸಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಆ ದುಃಖದ ಬೆನ್ನಿಗೆ, 1903ರಲ್ಲಿ, ನಗರದ ಸುಧಾರಣೆಗೆಂದೇ ಒಂದು ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ಕಾಲದಲ್ಲಿ ಅಗಲವಾದ ರಸ್ತೆಗಳು, ತೆರೆದ ಬಯಲುಗಳು, ಉದ್ಯಾನಗಳು ನಗರದ ನಕ್ಷೆಯಲ್ಲಿ ಜಾಗ ಪಡೆದವು. ಸಾವು ಕಂಡ ಊರು ಮುಂದೆ ಹುಟ್ಟುವವರಿಗಾಗಿ ಗಾಳಿಯನ್ನೂ ನೆರಳನ್ನೂ ಮೀಸಲಿಟ್ಟಿತು.

ಇದೇ ಕಾಲದಲ್ಲಿ ಗುಸ್ತಾವ್ ಹರ್ಮನ್ ಕೃಂಬಿಗಲ್ ಎಂಬ ಜರ್ಮನ್ ಸಸ್ಯತಜ್ಞ ಮೈಸೂರು ಸಂಸ್ಥಾನದ ಸೇವೆಗೆ ಬಂದರು. 1865ರಲ್ಲಿ ಡ್ರೆಸ್ಡೆನ್ ಸಮೀಪ ಜನಿಸಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡೆಯಲ್ಲಿ ಕೆಲಸ ಮಾಡಿ, 1908ರಲ್ಲಿ ಅವರು ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಮರಗಳ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಜಾತಿಯವು ಅರಳಬೇಕು, ವರ್ಷದ ಯಾವ ದಿನವೂ ನಗರ ಹೂವಿಲ್ಲದೆ ಇರಬಾರದು ಎಂಬ ಸರದಿ ಹೂವಿನ ಕಲ್ಪನೆ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂದ ಮುಂತಾದ ದೂರದ ಮರಗಳು ಸಂಸ್ಥಾನದ ಬೀದಿಗಳಲ್ಲಿ ಊರಿನ ಹೊಂಗೆ, ಕಕ್ಕೆಗಳ ಜೊತೆ ನಿಂತವು. 1956ರಲ್ಲಿ ಬೆಂಗಳೂರಿನಲ್ಲಿಯೇ ಅವರು ಕಣ್ಮುಚ್ಚಿದರು. ದೊಡ್ಡ ಹೆಸರುಗಳು ಹೀಗೆ ಉಳಿದುಕೊಂಡಿವೆ. ಗುಂಡಿ ತೋಡಿದ ಕೂಲಿಯವರು, ಸಸಿಗೆ ನೀರು ಹೊತ್ತ ಮಾಲಿಗಳು, ಮುಳ್ಳಿನ ಬೇಲಿ ಕಟ್ಟಿ ದನಗಳಿಂದ ಕಾಯ್ದವರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಅವರಲ್ಲಿ ಹೆಚ್ಚಿನವರು ತಾವು ನೆಟ್ಟ ಸಸಿ ದೊಡ್ಡ ಮರವಾಗಿ ಬೀದಿಗೆ ನೆರಳು ಹಾಸುವುದನ್ನು ನೋಡಿರಲಾರರು.

ಅಳತೆ ಮೀರಿದ ಕೊಸರು

ಹೂವು ದಯೆಯಿಂದ ಅರಳುತ್ತದೆ ಎನ್ನುವುದು ಕವಿಗಳಿಗೆ ಒಪ್ಪುವ ಮಾತು. ವಿಜ್ಞಾನದ ವಿದ್ಯಾರ್ಥಿ ಅದನ್ನು ಹಾಗೆಯೇ ಒಪ್ಪಬೇಕಿಲ್ಲ. ಹೊಂಗೆಯ ಮಕರಂದ ಜೇನುಹುಳಕ್ಕೆ ಕೊಟ್ಟ ಕೂಲಿ. ಹುಳು ಪರಾಗ ಹೊತ್ತು ಆ ಕೂಲಿಯನ್ನು ತೀರಿಸುತ್ತದೆ. ಬೂರುಗದ ಕೆಂಪು ಹಕ್ಕಿಗಳಿಗೆ ಹಾಕಿದ ಕರೆ. ಬದುಕಿನ ಈ ವ್ಯವಹಾರದಲ್ಲಿ ಕೊಡುಕೊಳ್ಳುವಿಕೆ ಸಮತೂಕವಾಗಿದೆ. ಆದರೆ ಆ ವ್ಯವಹಾರಕ್ಕೆ ಏನೂ ಕೊಡದ ಮನುಷ್ಯ ಅದರ ಬಣ್ಣ, ಪರಿಮಳ, ನೆರಳುಗಳನ್ನು ಬಿಟ್ಟಿಯಾಗಿ ಪಡೆಯುತ್ತಾನೆ. ಇದನ್ನು ಏನೆಂದು ಕರೆಯಬೇಕು?

ಅದಕ್ಕೆ ತಕ್ಕ ಪದ ದೇವರಾಜ ಮಾರುಕಟ್ಟೆಯಲ್ಲಿದೆ. ಹೂವಾಡಗಿತ್ತಿ ಮಲ್ಲಿಗೆಯ ದಂಡೆಯನ್ನು ಮಾರು ಲೆಕ್ಕದಲ್ಲಿ ಅಳೆದು, ಅಳತೆ ಮುಗಿದ ಮೇಲೂ ಗೇಣುದ್ದ ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾಳೆ. ಅದು ಕೊಸರು. ಕೊಂಡವರಿಗೆ ಅದರ ಮೇಲೆ ಹಕ್ಕಿಲ್ಲ, ಮಾರಿದವಳಿಗೆ ಅದರಿಂದ ಲಾಭವಿಲ್ಲ. ಆದರೂ ಕೊಸರಿಲ್ಲದ ವ್ಯಾಪಾರವನ್ನು ಹಳೆಯ ಮೈಸೂರಿಗರು ವ್ಯಾಪಾರವೆಂದು ಒಪ್ಪುತ್ತಿರಲಿಲ್ಲ. ಬೀದಿಯ ಮರಗಳೂ ಹಿಂದಿನವರು ಮುಂದಿನವರಿಗೆ ಅಳತೆ ಮೀರಿ ಬಿಟ್ಟ ಕೊಸರು. ತೆರಿಗೆಯ ಲೆಕ್ಕದಲ್ಲಿ ರಸ್ತೆ ಸಾಕಿತ್ತು, ಅವರು ನೆರಳನ್ನೂ ಸೇರಿಸಿದರು. ನೆರಳು ಸಾಕಿತ್ತು, ಹೂವನ್ನೂ ಸೇರಿಸಿದರು. ಹೂವಿನ ಚಿತ್ರ ತೆಗೆಯುವವರಿಗೆ ಮನಸ್ಸು ಹಗುರಾಗುವುದು ಬಣ್ಣ ಕಂಡದ್ದರಿಂದ ಮಾತ್ರವಲ್ಲ. ಕೇಳದೆ ಯಾರೋ ಏನನ್ನೋ ಕೊಟ್ಟಿದ್ದಾರೆ ಎಂಬ ಅರಿವು ಒಳಗೆಲ್ಲೋ ತಟ್ಟಿರುತ್ತದೆ. ಆಸ್ಪತ್ರೆಗೆ ಹೊರಟವರು, ಪರೀಕ್ಷೆಯಲ್ಲಿ ಸೋತವರು, ಮನೆಯಲ್ಲಿ ಜಗಳವಾಡಿ ಹೊರಬಿದ್ದವರು ಹೂಬಿಟ್ಟ ಮರದ ಕೆಳಗೆ ಅರೆಗಳಿಗೆ ನಿಲ್ಲುವುದು ಈ ಕಾರಣಕ್ಕೇ.

ಕ್ಯಾಮೆರಾ ಮಾಡುವ ಕೇಡು

ಹಾಗೆಂದು ಚಿತ್ರ ತೆಗೆಯುವ ಪ್ರತಿಯೊಂದು ಕೈಯನ್ನೂ ಹೊಗಳಲಾಗದು. 2022ರ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ಏನಾಯಿತೆಂಬುದು ಬೆಟ್ಟದ ಜನರಿಗೆ ನೆನಪಿದೆ. ವಾಹನಗಳ ಸಾಲು ಗಿರಿಯ ರಸ್ತೆಗಳನ್ನು ತುಂಬಿತು. ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುವ ಆಸೆಗೆ ಗಿಡಗಳು ಕಾಲಡಿ ಸಿಕ್ಕವು, ಹೂವಿನ ಗೊಂಚಲುಗಳು ಕೈಸೇರಿದವು. ನೀಲಕುರಿಂಜಿ 12 ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಕಟ್ಟಿ, ಸಾಯುವ ಗಿಡ. ಬೀಜ ಬಲಿಯುವ ಮೊದಲು ಅದನ್ನು ತುಳಿದವರು ಒಂದು ಹೂವನ್ನು ತುಳಿದಂತಲ್ಲ, ಮುಂದಿನ ತಲೆಮಾರನ್ನೇ ತುಳಿದಂತೆ. ಹಿಂದಿನವರ ಕೊಸರನ್ನು ಉಂಡು ಮುಂದಿನವರ ಅಳತೆಯನ್ನೇ ಕದ್ದಂತೆ.

ಈ ವಿಷಯದಲ್ಲಿ ನಾಡಿನ ಹಳೆಯ ನಡವಳಿಕೆಯೊಂದು ದಾರಿ ತೋರುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದು ಎಂಬುದು ಸಾಮಾನ್ಯ ನಿಯಮ. ಪಾರಿಜಾತಕ್ಕೆ ಮಾತ್ರ ಅದರಿಂದ ವಿನಾಯಿತಿ. ಮರದಡಿಯ ಹೂವನ್ನು ಆಯ್ದು ಬುಟ್ಟಿ ತುಂಬಿಕೊಳ್ಳುವ ಮೈಸೂರಿನ ಅಜ್ಜಿಯರಿಗೆ, ಮರ ತಾನಾಗಿ ಬಿಟ್ಟುಕೊಟ್ಟದ್ದನ್ನು ಪಡೆಯುವುದರಲ್ಲಿ ದೋಷವಿಲ್ಲ ಎಂಬುದು ತಿಳಿದಿತ್ತು. ಚಿತ್ರ ತೆಗೆಯುವುದಕ್ಕೂ ಅದೇ ಮರ್ಯಾದೆ ಸಾಕು. ಕೊಂಬೆ ಬಗ್ಗಿಸದೆ, ಗಿಡ ತುಳಿಯದೆ, ಹೂವನ್ನು ಕೀಳದೆ ಸಿಕ್ಕ ಚಿತ್ರವೇ ಒಳ್ಳೆಯ ಚಿತ್ರ. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಛಾಯಾಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕ್ಯಾಮೆರಾ ಹಿಡಿದವನಿಗೆ ಮೊದಲು ಬೇಕಾದದ್ದು ಕಾಯುವ ತಾಳ್ಮೆ ಎಂಬುದನ್ನು ಒಂದು ಪೀಳಿಗೆಗೆ ಬದುಕಿ ತೋರಿಸಿದರು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಚೆಲುವಾದದ್ದೆಲ್ಲ ದಯಾಪರವಲ್ಲ. 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಮೈಸೂರಿಗೆ ಸಮೀಪದ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ಮುಚ್ಚಿ ಬೆಳೆದಿದೆ. ಅಲಂಕಾರದ ಮರವಾಗಿ ಬಂದ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ವಯನಾಡಿನಿಂದ ನಾಗರಹೊಳೆ, ಬಂಡೀಪುರಗಳವರೆಗಿನ ಕಾಡುಗಳಿಗೆ ಹೊಸ ತಲೆನೋವಾಗಿದೆ. ಕಾಂಕ್ರೀಟಿನ ನಡುವೆ ನಿಂತ ಗುಲ್‌ಮೊಹರ್ ಅತಿಥಿಯಾಗಿ ಇರಬಲ್ಲದು. ಅದನ್ನು ಕಂಡು ಮರುಳಾಗಿ ಶೋಲಾ ಕಾಡಿನ ಅಂಚಿನಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಕಂಡ ಕಂಡ ಹೂಮರ ನೆಡುವುದು ಉಪಕಾರವಲ್ಲ. ಬೆಟ್ಟಕ್ಕೆ ಬೇಕಾದದ್ದು ಬೆಟ್ಟದ್ದೇ ರಂಜೆ, ಸುರಗಿ, ಸಂಪಿಗೆ, ಹೊಳೆದಾಸವಾಳ.

ಹೆಸರಿದ್ದ ಮರ, ಹೆಸರಿಲ್ಲದ ಮರ

ಈಗ ಮುಖ್ಯವಾದ ಮಾತಿಗೆ ಬರಬೇಕು. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ, ರಸ್ತೆ ಅಗಲಿಸುವ ಸಲುವಾಗಿ, 40 ಮರಗಳನ್ನು ಕಡಿಯಲಾಯಿತು. ದಶಕಗಳ ಕಾಲ ಬೇಸಿಗೆಯ ಬಿಸಿಲನ್ನು ತಡೆದಿದ್ದ ಮರಗಳವು. ಸುದ್ದಿ ಹರಡಿದಾಗ ನಾಗರಿಕರು ಆ ಜಾಗದಲ್ಲಿ ಸೇರಿದರು, ಪ್ರತಿಭಟಿಸಿದರು, ಮನೆಯವರನ್ನು ಕಳೆದುಕೊಂಡವರಂತೆ ದುಃಖಿಸಿದರು. ದುಃಖ ಪ್ರಾಮಾಣಿಕವಾದದ್ದು. ಆದರೆ ಅದು ಮರ ಉರುಳಿದ ಮೇಲೆ ಬಂದದ್ದು.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳು ಬಲಿಯಾಗುವಂತಿದ್ದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕು. ಸಂಖ್ಯೆ ಅದಕ್ಕಿಂತ ಕಡಿಮೆಯಿದ್ದರೆ ಊರಿನವರಿಗೆ ವಿಷಯ ತಿಳಿಯುವುದು ಗರಗಸದ ಸದ್ದಿನಿಂದಲೇ. ಕಡತದಲ್ಲಿ ಮರ ಎಂದರೆ ಒಂದು ಸಂಖ್ಯೆ, ಒಂದು ಸುತ್ತಳತೆ. ಅದು ಯಾವ ತಿಂಗಳಲ್ಲಿ ಹೂಬಿಡುತ್ತದೆ, ಅದರ ನೆರಳಿನಲ್ಲಿ ಯಾರು ಬುಟ್ಟಿಯಿಟ್ಟು ವ್ಯಾಪಾರ ಮಾಡುತ್ತಾರೆ, ಯಾವ ಶಾಲೆಯ ಮಕ್ಕಳು ಅದರ ಕೆಳಗೆ ಬಸ್ಸಿಗೆ ಕಾಯುತ್ತಾರೆ ಎಂಬುದಕ್ಕೆ ಕಡತದಲ್ಲಿ ಅಂಕಣವಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ರಸ್ತೆಯನ್ನಿಟ್ಟು ನೋಡಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬಿಂದಿಗೆಯಲ್ಲಿ ನೀರು ಹೊತ್ತು ಆಲದ ಸಸಿಗಳನ್ನು ಬೆಳೆಸಿದರು. ಅವುಗಳ ಸಂಖ್ಯೆ 385 ಎಂದು ನಾಡಿಗೆಲ್ಲ ಬಾಯಿಪಾಠ. 2019ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ, ಅದೇ ವರ್ಷ ರಸ್ತೆ ಅಗಲೀಕರಣದಿಂದ ತಮ್ಮ ಮರಗಳಿಗೆ ಕುತ್ತು ಬಂದಾಗ ಸರ್ಕಾರಕ್ಕೆ ಮೊರೆಯಿಟ್ಟರು. ಮರಗಳನ್ನು ಉಳಿಸುವ ಭರವಸೆ ದೊರೆಯಿತು. ಅವರು 2025ರ ನವೆಂಬರ್‌ನಲ್ಲಿ ತೀರಿಕೊಂಡಾಗ ನಾಡು ಆ ಸಾಲುಮರಗಳನ್ನು ನೆನೆಯಿತು. ಹುಲಿಕಲ್ಲಿನ ಆಲಕ್ಕೂ ಹೈದರಾಲಿ ರಸ್ತೆಯ ಮರಕ್ಕೂ ನೆರಳಿನಲ್ಲಿ ಭೇದವಿಲ್ಲ. ಒಂದನ್ನು ಯಾರು ಸಾಕಿದರೆಂಬುದು ಎಲ್ಲರಿಗೂ ಗೊತ್ತಿತ್ತು, ಇನ್ನೊಂದನ್ನು ಸಾಕಿದವರು ಮರೆತುಹೋಗಿದ್ದರು. ಭೇದ ಅಷ್ಟೇ. ಹೆಸರಿದ್ದ ದಯೆಯನ್ನು ಕಡಿಯಲು ಕೈ ಹಿಂಜರಿಯುತ್ತದೆ.

ಚಿತ್ರದ ಬೆನ್ನಿಗೆ ಬರೆಯಬೇಕಾದದ್ದು

ಹೂವಿನ ಚಿತ್ರಗಳಿಗೆ ಕೆಲಸ ಸಿಗುವುದು ಇಲ್ಲಿ. ಹಿಂದೆ ಮನೆಯ ಛಾಯಾಚಿತ್ರದ ಬೆನ್ನಿಗೆ ಇಂಥವರು, ಇಂಥ ಊರು, ಇಂಥ ದಿನ ಎಂದು ಮಸಿಯಲ್ಲಿ ಬರೆದಿಡುತ್ತಿದ್ದರು. ಮೊಬೈಲಿನ ಚಿತ್ರಕ್ಕೆ ಬೆನ್ನಿಲ್ಲ, ಆದ್ದರಿಂದ ಅದು ತಿಂಗಳೊಪ್ಪತ್ತಿನಲ್ಲಿ ಸಾವಿರ ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಮರದ ಊರಿನ ಹೆಸರು, ನಿಂತ ಜಾಗ, ಹೂಬಿಟ್ಟ ದಿನಾಂಕ, ನೆಟ್ಟವರೋ ನೀರೆರೆದವರೋ ಗೊತ್ತಿದ್ದರೆ ಅವರ ಹೆಸರು, ಇಷ್ಟನ್ನು ಚಿತ್ರದ ಜೊತೆ ಬರೆದಿಟ್ಟರೆ ಅದು ಸಾಕ್ಷಿಯಾಗುತ್ತದೆ. ಒಂದು ಬಡಾವಣೆಯ ಮರಗಳೆಲ್ಲ ಹೀಗೆ ದಾಖಲಾದರೆ, ಕಡಿಯುವ ಪ್ರಸ್ತಾಪ ಬಂದ ದಿನ ಜನರ ಕೈಯಲ್ಲಿ ಕಣ್ಣೀರಿನ ಜೊತೆಗೆ ಪಟ್ಟಿಯೂ ಇರುತ್ತದೆ.

ವಿದ್ಯಾರ್ಥಿಗಳಿಗೆ ಇದರಲ್ಲಿ ವಿಜ್ಞಾನದ ಪಾಠವೂ ಇದೆ. ಸೀಸನ್‌ವಾಚ್ ಎಂಬ ಕಾರ್ಯಕ್ರಮ ಒಂದೂವರೆ ದಶಕದಿಂದ ದೇಶದ ಶಾಲಾಮಕ್ಕಳನ್ನೂ ಸಾರ್ವಜನಿಕರನ್ನೂ ಒಂದೊಂದು ಮರದ ಗೆಳೆತನಕ್ಕೆ ಕರೆಯುತ್ತಿದೆ. ಆಯ್ದ ಮರವನ್ನು ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿಗಳು ಇಲ್ಲವೋ, ಕೆಲವೋ, ಹಲವೋ ಎಂದು ಗುರುತಿಸುವುದಷ್ಟೇ ಕೆಲಸ. ಕಕ್ಕೆ ತನ್ನ ಕಾಲಕ್ಕಿಂತ ಮೊದಲೇ ಅರಳುತ್ತಿದೆಯೇ, ಹೊಂಗೆಯ ಹೂವೂ ಜೇನಿನ ಹಾರಾಟವೂ ಒಂದೇ ವಾರದಲ್ಲಿ ಕೂಡುತ್ತಿವೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹತ್ತಾರು ವರ್ಷಗಳ ಇಂಥ ಸಣ್ಣ ಗುರುತುಗಳಿಂದಲೇ ಹುಟ್ಟಬೇಕು. ಬೆಟ್ಟದ ಶಾಲೆಯ ಮಗು ಕಾಡಿನ ಅಂಚಿನಲ್ಲಿ ಅಪರಿಚಿತ ಹಳದಿ ಹೂವನ್ನು ಮೊದಲ ಬಾರಿ ಕಂಡು, ದಿನಾಂಕ ಸಹಿತ ತೆಗೆದಿಟ್ಟ ಚಿತ್ರ ಕಾಡಿಗೆ ನುಗ್ಗುವ ಕಳೆಯ ಮುನ್ಸೂಚನೆಯೂ ಆಗಬಹುದು.

ಮಲೆನಾಡಿಗೆ ಈ ಕೆಲಸ ಹೊಸದೇನೂ ಅಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅವರು ಸಂಖ್ಯೆಗಳನ್ನು ಅಪ್ಪಿರಲಿಲ್ಲ. ಪ್ರತಿಯೊಂದು ಮರದ ಹೆಸರೂ ಹಣ್ಣೂ ಹೂಬಿಡುವ ಕಾಲವೂ ಅವರಿಗೆ ತಿಳಿದಿತ್ತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆಯೂ ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂದು ಬಲ್ಲವರಾಗಿದ್ದರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಜ್ಞಾನ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿರುವಾಗಲೇ ಮೊಮ್ಮಕ್ಕಳು ಮೊಬೈಲ್ ಹಿಡಿದು ಅವರ ಜೊತೆ ಒಂದು ಸಂಜೆ ತೋಟ, ಬೆಟ್ಟ, ಹಳ್ಳದ ದಂಡೆ ಸುತ್ತಬೇಕು. ಅಜ್ಜಿ ಹೆಸರು ಹೇಳಲಿ, ಮೊಮ್ಮಗಳು ಚಿತ್ರ ತೆಗೆದು ಬರೆದುಕೊಳ್ಳಲಿ. ಊರಿನ ದೊಡ್ಡ ಮರವನ್ನು ಯಾರು ನೆಟ್ಟರೆಂದು ಕೇಳಿ ತಿಳಿಯಲಿ.

ಕುಪ್ಪಳಿಯ ಕಾಡಿನಿಂದ ಬಂದ ಕುವೆಂಪು ಮೈಸೂರಿನಲ್ಲಿ ದಿನವೂ ನಡೆದದ್ದು ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ. ಅವರು ಕುಕ್ಕನಹಳ್ಳಿ ಎಂದು ಕರೆದ ಆ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಲಾಯಿತು. ನೀರಿಗಾಗಿ ಕಟ್ಟಿದವರು ಮುಂದೊಂದು ದಿನ ಕವಿಯೊಬ್ಬರು ಅಲ್ಲಿ ನಡೆದಾರೆಂದು ಎಣಿಸಿರಲಿಲ್ಲ. ದಯೆಯ ಲೆಕ್ಕ ಹಾಗೆಯೇ ಬೆಳೆಯುತ್ತದೆ, ಕೊಟ್ಟವರಿಗೆ ಪಡೆದವರ ಪರಿಚಯವಿರುವುದಿಲ್ಲ. ಮುಂದಿನ ಫಾಲ್ಗುಣದಲ್ಲಿ ಆ ಏರಿಯ ಮೇಲೆ ಹೂಬಿಟ್ಟ ಮರದ ಚಿತ್ರ ತೆಗೆಯುವವರು ಅದರ ಜೊತೆ ಒಂದು ಸಾಲು ಬರೆದಿಡಲಿ. ಅದೇ ಮಳೆಗಾಲದಲ್ಲಿ ಒಂದು ಸಸಿಗೆ ಗುಂಡಿ ತೋಡಲಿ. ಪಡೆದ ಕೊಸರನ್ನು ಹಿಂದಿನವರಿಗೆ ತೀರಿಸಲು ಬಾರದು. ಅದನ್ನು ಮುಂದಿನವರ ಅಳತೆಗೆ ಸೇರಿಸಿ ಕೊಡಬಹುದು.